ಪಾಠ ಒಪ್ಪಿಸಲಾರದ ಮಗುವಿಗೂ ಧರ್ಮೋಪದೇಶ

ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಪಡಸಾಲೆಯಲ್ಲಿ ಮಕ್ಕಳನ್ನು ಸಾಲಾಗಿ ಕೂಡಿಸಿ, ಪ್ರಶ್ನೋತ್ತರ ರೂಪದ ಧರ್ಮೋಪದೇಶವನ್ನು ಬಾಯಿಪಾಠ ಮಾಡಿಸಿ, ವರ್ಷಾಂತ್ಯದಲ್ಲಿ ಅದನ್ನು ತಪ್ಪಿಲ್ಲದೆ ಒಪ್ಪಿಸಿದವರನ್ನು ಪ್ರಥಮ ಪರಮಪ್ರಸಾದಕ್ಕೆ ಅರ್ಹರೆಂದು ಎಣಿಸುವ ಪದ್ಧತಿ ನಮ್ಮ ಕಥೋಲಿಕ ಧರ್ಮಕೇಂದ್ರಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವಂಥದು. ಪುಸ್ತಕ ದುರ್ಲಭವಾಗಿದ್ದ ಕಾಲದಲ್ಲಿ ವಿಶ್ವಾಸದ ಸಾರವನ್ನು ನಾಲಗೆಯ ಮೇಲೆ ನಿಲ್ಲಿಸಿ ಉಳಿಸಿಕೊಟ್ಟ ಶ್ರೇಯಸ್ಸು ಆ ಪದ್ಧತಿಗೆ ಸಲ್ಲತಕ್ಕದ್ದೇ. ಆದರೆ ಕಿವಿ ಕೇಳದ ಮಗು, ಮಾತು ಮೂಡದ ಮಗು, ಕೇಳಿದ್ದನ್ನು ನೆನಪಿನಲ್ಲಿ ನಿಲ್ಲಿಸಿಕೊಳ್ಳಲಾರದ ಮಗು, ಗದ್ದಲವನ್ನು ಸಹಿಸಲಾರದೆ ಕಿವಿ ಮುಚ್ಚಿಕೊಂಡು ಹೊರಗೋಡುವ ಮಗು, ತಾಯಿತಂದೆಯರೊಡನೆ ವರ್ಷದ ಹಲವು ತಿಂಗಳು ಗುಳೆ ಹೋಗುವ ಮಗು, ಇವರೆಲ್ಲರ ಪಾಲಿಗೆ ಅದೇ ಪದ್ಧತಿ ಮುಚ್ಚಿದ ಬಾಗಿಲಾಗುತ್ತದೆ. ಅವರನ್ನು ಹೊರಗಿಡಬೇಕೆಂದು ಯಾರೂ ಸಂಕಲ್ಪಿಸಿರುವುದಿಲ್ಲ. ಒಪ್ಪಿಸುವಿಕೆಯನ್ನೇ ಅರ್ಹತೆಯ ಅಳತೆಯಾಗಿ ಇರಿಸಿಕೊಂಡ ಮಾತ್ರಕ್ಕೆ ಅವರು ತಾವಾಗಿಯೇ ಹೊರಗುಳಿಯುತ್ತಾರೆ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಗುರುಗಳಿಗೆ, ಧರ್ಮಭಗಿನಿಯರಿಗೆ, ಉಪದೇಶಿಗಳಿಗೆ ಮತ್ತು ತಾಯಿತಂದೆಯರಿಗೆ ಇಲ್ಲಿ ಹೇಳಬೇಕೆಂದಿರುವುದು ಒಂದೇ ಮಾತು. ಪಾಠ ಒಪ್ಪಿಸಲಾರದ ಮಗುವನ್ನು ಮೊದಲು ಮನಸ್ಸಿನಲ್ಲಿರಿಸಿಕೊಂಡು ತರಗತಿಯನ್ನು ಕಟ್ಟಿದ್ದಾದರೆ ಅದು ಉಳಿದ ಎಲ್ಲ ಮಕ್ಕಳಿಗೂ, ಅಕ್ಷರವರಿಯದ ಅವರ ಹಿರಿಯರಿಗೂ ಒದಗುವ ತರಗತಿಯಾಗುತ್ತದೆ. ಆ ಮಗುವಿಗೆಂದು ಬೇರೊಂದು ಮೂಲೆಯನ್ನು ಮೀಸಲಿಡಬೇಕಾದ ಅಗತ್ಯವೇ ಬಹುಮಟ್ಟಿಗೆ ಬೀಳುವುದಿಲ್ಲ.

ಈ ಸೀಮೆಯ ಪರಿಸ್ಥಿತಿ

2009ರ ಡಿಸೆಂಬರ್ ಕೊನೆಯಲ್ಲಿ ಗುಲ್ಬರ್ಗ ಜಿಲ್ಲೆಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಯಾದಗಿರಿಯಲ್ಲಿ 2011ರ ಜನಗಣತಿಯ ಪ್ರಕಾರ ಇದ್ದ ಜನ ಸುಮಾರು 11.74 ಲಕ್ಷ, ಅಕ್ಷರಸ್ಥರ ಪ್ರಮಾಣ ಶೇಕಡಾ 51.83, ರಾಜ್ಯದಲ್ಲಿಯೇ ಅತ್ಯಂತ ಕೆಳಗಿನದು. ಇಂಥಲ್ಲಿ ಮಗುವಿನ ಕೈಗೆ ಪುಸ್ತಕವನ್ನು ಕೊಟ್ಟು, ಮನೆಯಲ್ಲಿ ಓದಿಸಿಕೊಂಡು ಬಾ ಎಂದು ಕಳುಹಿಸಿದರೆ, ಅನೇಕ ಮನೆಗಳಲ್ಲಿ ಓದಿಸಬಲ್ಲವರೇ ಇರುವುದಿಲ್ಲ. ಮೇಲಾಗಿ ಕನ್ನಡದ ಜೊತೆಗೆ ಉರ್ದು, ತೆಲುಗು, ತಾಂಡಾಗಳ ಲಂಬಾಣಿ ನುಡಿ ಇವೆಲ್ಲವೂ ಇಲ್ಲಿ ಮನೆಮಾತುಗಳು. ಗ್ರಾಂಥಿಕ ಕನ್ನಡದ ಪ್ರಶ್ನೋತ್ತರವು ಕನ್ನಡದ ಮಕ್ಕಳಿಗೂ ಒಂದಿಷ್ಟು ಪರಕೀಯವಾಗಿಯೇ ಕೇಳಿಸುವುದುಂಟು. ಉನ್ನತವಾದ ಅನುಭಾವವನ್ನು ಆಡುಮಾತಿನಲ್ಲಿ ಹೇಳಬಹುದೆಂಬುದನ್ನು ತೋರಿಸಿಕೊಟ್ಟ ಆದ್ಯ ವಚನಕಾರ ಜೇಡರ ದಾಸಿಮಯ್ಯನು ಸುರಪುರ ಸೀಮೆಯ ಮುದನೂರಿನವನೇ ಆಗಿರಲಾಗಿ, ಈ ನೆಲದ ಉಪದೇಶಿಯು ಮಕ್ಕಳ ನುಡಿಯಲ್ಲಿ ಮಾತನಾಡುವುದಕ್ಕೆ ಸಂಕೋಚಪಡಬೇಕಾದ ಕಾರಣವೇನೂ ಇಲ್ಲ.

ಇಲ್ಲಿಯ ಕ್ರೈಸ್ತರಲ್ಲಿ ಮೆಥೊಡಿಸ್ಟ್ ಸಭೆಯ ಪರಂಪರೆಗೆ ಸೇರಿದ ಮನೆಗಳು ಹೆಚ್ಚು. ಕಥೋಲಿಕರು ಅಲ್ಪಸಂಖ್ಯಾತರೊಳಗೂ ಅಲ್ಪಸಂಖ್ಯಾತರು. ಕೃಷ್ಣೆಯ ಆಚೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದಲೂ ಕಥೋಲಿಕ ಸಮುದಾಯವೊಂದು ಬಾಳಿಕೊಂಡು ಬಂದಿದ್ದರೂ, ಈಚೆಯ ದಡದ ಧರ್ಮಕೇಂದ್ರಗಳು ಬಹುಮಟ್ಟಿಗೆ ಎಳೆಯವು. ಇವು ಸೇರಿರುವ ಗುಲ್ಬರ್ಗ ಧರ್ಮಪ್ರಾಂತ್ಯವೇ 2005ರಲ್ಲಿ ಸ್ಥಾಪಿತವಾದದ್ದು. ಮಕ್ಕಳ ಸಂಖ್ಯೆ ಸಣ್ಣದಾಗಿರುವುದನ್ನು ಕೊರತೆಯೆಂದು ಭಾವಿಸುವವರಿದ್ದಾರೆ. ಪ್ರಸ್ತುತ ಕಾರ್ಯಕ್ಕಾದರೋ ಅದೇ ಅನುಕೂಲ: ನೂರಾರು ಮಕ್ಕಳಿರುವ ನಗರದ ಧರ್ಮಕೇಂದ್ರದಲ್ಲಿ ಯಾರು ಬರಲಿಲ್ಲವೆಂಬುದು ಗೊತ್ತಾಗುವುದಕ್ಕೇ ವರ್ಷ ಹಿಡಿಯುತ್ತದೆ, ಇಲ್ಲಿ ಗುರುಗಳು ಒಂದೊಂದು ಮನೆಯನ್ನೂ ಹೆಸರು ಹಿಡಿದು ಬಲ್ಲರು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸಂಕ್ರಾಂತಿಯ ಕಾಲದ ಮೈಲಾಪುರದ ಜಾತ್ರೆಗಾಗಲಿ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರನ ಸನ್ನಿಧಿಗಾಗಲಿ, ನಡೆಯಲಾರದ ಮಗುವನ್ನು ಹೆಗಲ ಮೇಲೆ ಹೊತ್ತು ತರುವ ಅಜ್ಜನನ್ನು ಯಾರೂ ಪ್ರಶ್ನಿಸುವುದಿಲ್ಲ. ಆ ಮಗುವಿಗೆ ಏನು ತಿಳಿದಿದೆ ಎಂಬ ಪರೀಕ್ಷೆ ಅಲ್ಲಿಲ್ಲ. ಜನಪದರ ಭಕ್ತಿಯು ಶರೀರದಿಂದ, ಕಣ್ಣುಕಿವಿಗಳಿಂದ, ನಡೆದ ದಾರಿಯಿಂದ, ಹಂಚಿದ ಪ್ರಸಾದದಿಂದ ನಡೆಯುವಂಥದು. ಆರಾಧನ ವಿಧಿಯಲ್ಲಿ ನೀರು, ಎಣ್ಣೆ, ಬೆಳಕು, ರೊಟ್ಟಿ, ದ್ರಾಕ್ಷಾರಸ, ಧೂಪ, ಗರಿ, ಬೂದಿ ಇಷ್ಟೊಂದು ಇಂದ್ರಿಯಗೋಚರ ಸಂಕೇತಗಳನ್ನಿಟ್ಟುಕೊಂಡಿರುವ ಕಥೋಲಿಕ ಧರ್ಮಸಭೆಯು, ಮಕ್ಕಳಿಗೆ ಕಲಿಸುವಾಗ ಮಾತ್ರ ಅವನ್ನೆಲ್ಲ ಬದಿಗಿರಿಸಿ ಬರಿಯ ಮಾತನ್ನು ಹಿಡಿದುಕೊಳ್ಳುವುದು ಸಂಗತವಲ್ಲ.

ಧರ್ಮಸಭೆಯ ಕಟ್ಟಳೆ ಏನನ್ನುತ್ತದೆ

ಮಗನಿಗೆ ಬುದ್ಧಿ ಸಾಲದೆಂದು ತರಗತಿಗೆ ಕಳುಹಿಸದಿರುವ ತಾಯಿಯೊಬ್ಬಳು, "ಅವಗೇನು ತಿಳೀತದ್ರಿ ಫಾದರ್" ಎಂದು ಕೈಚೆಲ್ಲಿದಾಗ ಗುರುಗಳು ಕೊಡಬೇಕಾದ ಉತ್ತರವು ಸಾಂತ್ವನದ ಮಾತಿಗಿಂತ ಹೆಚ್ಚಿನದು. ಅದು ಕಟ್ಟಳೆಯ ಮಾತು. 1983ರ ಧರ್ಮಸಭಾ ಸಂಹಿತೆಯ 777ನೆಯ ಸೂತ್ರವು, ದೇಹದಲ್ಲಾಗಲಿ ಬುದ್ಧಿಯಲ್ಲಾಗಲಿ ಊನವುಳ್ಳವರಿಗೂ ಅವರವರ ಸ್ಥಿತಿ ಅವಕಾಶ ಕೊಡುವಷ್ಟರ ಮಟ್ಟಿಗೆ ಧರ್ಮೋಪದೇಶ ದೊರೆಯುವಂತೆ ನೋಡಿಕೊಳ್ಳುವುದು ಧರ್ಮಕೇಂದ್ರದ ಗುರುವಿನ ಕರ್ತವ್ಯವೆಂದು ವಿಧಿಸಿದೆ. ಹತ್ತನೆಯ ಭಕ್ತಿನಾಥರು (ಪಿಯುಸ್) 1910ರ ಆಗಸ್ಟಿನಲ್ಲಿ ಹೊರಡಿಸಿದ ಆಜ್ಞೆಯು, ಪರಮಪ್ರಸಾದ ಸ್ವೀಕರಿಸಲು ಮಗುವಿಗೆ ಪೂರ್ಣವಾದ ಶಾಸ್ತ್ರಜ್ಞಾನ ಬೇಕಿಲ್ಲವೆಂದೂ, ಆ ರೊಟ್ಟಿಗೂ ನಿತ್ಯದ ರೊಟ್ಟಿಗೂ ಇರುವ ಭೇದವನ್ನು ತನ್ನ ಶಕ್ತ್ಯನುಸಾರ ಗುರುತಿಸಿದರೆ ಸಾಕೆಂದೂ ತಿಳಿಸಿ ಶತಮಾನ ಕಳೆದಿದೆ. 2020ರಲ್ಲಿ ರೋಮಿನಿಂದ ಪ್ರಕಟವಾದ ಧರ್ಮೋಪದೇಶದ ಮಾರ್ಗದರ್ಶಿಯು ಇನ್ನೂ ಮುಂದೆ ಹೋಗಿ, ಊನವುಳ್ಳವರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸಲಾಗದೆಂದೂ, ಆರಾಧನೆಯು ಬುದ್ಧಿಗೆ ಎಟುಕುವ ಮೊದಲೇ ಬದುಕಿನಲ್ಲಿ ಅನುಭವಕ್ಕೆ ಬರತಕ್ಕದ್ದೆಂದೂ, ಅಂಥವರು ಸ್ವತಃ ಉಪದೇಶಿಗಳಾಗುವುದೂ ಅಪೇಕ್ಷಣೀಯವೆಂದೂ ಹೇಳುತ್ತದೆ.

ಕಟ್ಟಳೆಗಿಂತ ಹಿರಿದಾದ ಪ್ರಮಾಣ ಶುಭಸಂದೇಶದ್ದು. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ವಿಚಾರಿಸಿದಾಗ, ಅವನದೂ ಅಲ್ಲ, ಅವನ ತಾಯಿತಂದೆಯರದೂ ಅಲ್ಲವೆಂದು ಯೇಸುಸ್ವಾಮಿ ಸ್ಪಷ್ಟಪಡಿಸಿದ ಪ್ರಸಂಗ ಸಂತ ಯೋವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಮಗುವಿನ ಸ್ಥಿತಿಯನ್ನು ಪೂರ್ವಕರ್ಮಕ್ಕೋ ತಾಯಿಯ ಕಾಲ್ಗುಣಕ್ಕೋ ಕಟ್ಟುವ ಮಾತುಗಳು ಓಣಿಯಲ್ಲಿ ದಿನನಿತ್ಯ ಕೇಳಿಬರುವಲ್ಲಿ, ಈ ಒಂದು ಪ್ರಸಂಗವನ್ನು ಪೂಜೆಯ ಪ್ರಬೋಧನೆಯಲ್ಲಿ ಬಿಡಿಸಿ ಹೇಳುವುದೇ ಆ ಕುಟುಂಬಕ್ಕೆ ಸಲ್ಲುವ ಮೊದಲನೆಯ ಧರ್ಮೋಪದೇಶ.

ಮೊದಲನೆಯ ಕೆಲಸ: ಮನೆಗೆ ಹೋಗುವುದು

ದೀಕ್ಷಾಸ್ನಾನದ ದಾಖಲೆಪುಸ್ತಕವನ್ನು ತೆಗೆದು, ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳ ಹೆಸರುಗಳನ್ನು ಬರೆದುಕೊಂಡು, ಅದನ್ನು ತರಗತಿಯ ಹಾಜರಿಯೊಡನೆ ಹೋಲಿಸಿ ನೋಡತಕ್ಕದ್ದು. ಹಾಜರಿಯಲ್ಲಿ ಕಾಣದ ಹೆಸರುಗಳ ಮನೆಗೆ ಉಪದೇಶಿಯು ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಮೊದಲನೆಯ ಭೇಟಿಯಲ್ಲಿ ತರಗತಿಯ ಮಾತನ್ನೇ ಎತ್ತದಿದ್ದರೂ ಬಾಧಕವಿಲ್ಲ. ಚಹಾ ಕುಡಿದು, ಮಗುವನ್ನು ಅದರ ಹೆಸರು ಹಿಡಿದು ಮಾತನಾಡಿಸಿ ಬಂದರೂ ಸಾಕು.

ಕೇಳತಕ್ಕ ಪ್ರಶ್ನೆಗಳಲ್ಲಿಯೂ ವಿವೇಕ ಬೇಕು. ಮಗುವಿಗೆ ಏನಾಗಿದೆ, ಎಂದಿನಿಂದ ಹೀಗೆ, ಯಾವ ದವಾಖಾನೆಗೆ ತೋರಿಸಿದಿರಿ ಎಂಬ ಪ್ರಶ್ನೆಗಳನ್ನು ಆ ಮನೆಯವರು ಸಾಕೆನ್ನುವಷ್ಟು ಕೇಳಿರುತ್ತಾರೆ. ಉಪದೇಶಿಗೆ ಉಪಯೋಗಕ್ಕೆ ಬರುವುವು ಬೇರೆ: ಮಗುವಿಗೆ ಪ್ರಿಯವಾದದ್ದೇನು, ಭಯ ಹುಟ್ಟಿಸುವುದೇನು, ಬೇಕು ಬೇಡಗಳನ್ನು ಹೇಗೆ ತಿಳಿಸುತ್ತದೆ, ಎಷ್ಟು ಹೊತ್ತು ಒಂದೆಡೆ ಕೂಡಬಲ್ಲದು, ಮೂರ್ಛೆ ಬರುವುದುಂಟೆ, ಬಂದರೆ ಏನು ಮಾಡಬೇಕು, ಶೌಚಕ್ಕೆ ಯಾರ ಸಹಾಯ ಬೇಕು, ನುಂಗುವುದರಲ್ಲಿ ತೊಂದರೆ ಇದೆಯೆ, ಚರ್ಚಿಗೆ ಬರಲು ಟಂಟಂ ಸಿಗುತ್ತದೆಯೆ, ಅದರ ಬಾಡಿಗೆಯನ್ನು ಯಾರು ಕೊಡಬಲ್ಲರು. ಈ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ಮನೆಯವರ ಸಮ್ಮತಿಯಿಂದ, ತರಗತಿಯನ್ನು ನಡೆಸುವವರ ಕೈಯಲ್ಲಿ ಮಾತ್ರ ಇರುವಂತೆ ಕಾಪಾಡಬೇಕು.

ಭೇಟಿಯಲ್ಲಿ ಲೌಕಿಕವಾದ ಒಂದು ಉಪಕಾರವನ್ನೂ ಮಾಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ಊನಗಳನ್ನು ಗುರುತಿಸಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಊನವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದಕ್ಕೆ ಬೇಕಾದ ಯುಡಿಐಡಿ ಕಾರ್ಡನ್ನು ಇನ್ನೂ ಮಾಡಿಸದ ಮನೆಯಿದ್ದರೆ, ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿಗೂ, ಶಾಲೆಯ ವಿಷಯಕ್ಕೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ ಬಳಿಗೂ ದಾರಿ ತೋರಿಸಬೇಕು. ಮಗುವಿನ ಸ್ವಭಾವವನ್ನು ಬಲ್ಲ ಆ ಶಿಕ್ಷಕರಿಂದ ಉಪದೇಶಿಯು ಕಲಿಯತಕ್ಕದ್ದೂ ಬೇಕಾದಷ್ಟಿರುತ್ತದೆ.

ತರಗತಿಯ ಏರ್ಪಾಡು

ಮೆಟ್ಟಿಲುಗಳಿರುವ ಕೋಣೆಗಿಂತ ನೆಲಮಟ್ಟದ ಪಡಸಾಲೆಯೂ, ರಸ್ತೆಯ ಸದ್ದು ಬೀಳುವ ಕಡೆಗಿಂತ ಹಿತ್ತಲ ಕಡೆಯೂ ಮೇಲು. ಮಕ್ಕಳನ್ನು ಸಾಲುಗಳಲ್ಲಿ ಕೂಡಿಸದೆ ಅರ್ಧಚಂದ್ರಾಕಾರವಾಗಿ ಕೂಡಿಸಿದರೆ ಎಲ್ಲರಿಗೂ ಉಪದೇಶಿಯ ಮುಖ ಕಾಣುತ್ತದೆ, ಕೊನೆಯ ಸಾಲು ಎಂಬುದೇ ಇಲ್ಲವಾಗುತ್ತದೆ. ಊನವುಳ್ಳ ಮಗುವಿನ ಪಕ್ಕದಲ್ಲಿ ಒಬ್ಬ ಹಿರಿಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗಾರರನ್ನಾಗಿ ನೇಮಿಸಬೇಕು. ಆದರೆ ಆ ಜೊತೆಗಾರರೇ ಅದರ ಪರವಾಗಿ ಎಲ್ಲವನ್ನೂ ಮಾಡಿಬಿಡಬಾರದು. ಈ ಕೆಲಸವನ್ನು ಪ್ರತಿಸಲವೂ ಅದರ ಅಕ್ಕನಿಗೋ ತಮ್ಮನಿಗೋ ವಹಿಸುವುದು ಅನ್ಯಾಯ. ಅವರಿಗೂ ತಮ್ಮಷ್ಟಕ್ಕೆ ತಾವು ಕಲಿಯುವ ಭಾನುವಾರ ಬೇಕು.

ಐವತ್ತು ನಿಮಿಷದ ತರಗತಿಗೆ ಈ ಕ್ರಮವನ್ನು ಅನುಸರಿಸಬಹುದು. ಮೊದಲ ಹತ್ತು ನಿಮಿಷ ಬರಮಾಡಿಕೊಳ್ಳುವಿಕೆ: ಪ್ರತಿ ಮಗುವೂ ತೀರ್ಥವನ್ನು ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡು, ಸರದಿಯ ಮಗು ದೀಪ ಹಚ್ಚುವುದು. ಅನಂತರ ಹದಿನೈದು ನಿಮಿಷ ಒಂದೇ ಒಂದು ಕಥೆ, ಕೈಗೆ ಸಿಗುವ ವಸ್ತುಗಳೊಡನೆ. ಮುಂದಿನ ಹದಿನೈದು ನಿಮಿಷ ಕೈಕೆಲಸ: ಮಣ್ಣಿನಲ್ಲಿ ಕುರಿಯನ್ನು ಮಾಡುವುದು, ಬಣ್ಣ ತುಂಬುವುದು, ಪಾತ್ರೆಯಿಂದ ಪಾತ್ರೆಗೆ ನೀರು ಸುರಿಯುವುದು, ಕಥೆಯನ್ನು ಅಭಿನಯಿಸುವುದು. ಬಳಿಕ ಐದು ನಿಮಿಷ ಅಂಗಾಭಿನಯದೊಡನೆ ಪ್ರಾರ್ಥನೆ. ಕೊನೆಯ ಐದು ನಿಮಿಷದಲ್ಲಿ ಮನೆಗೆ ಒಯ್ಯಲು ಆ ದಿನದ ಚಿತ್ರವೊಂದನ್ನು ಕೊಟ್ಟು ಬೀಳ್ಕೊಡುವುದು. ಕ್ರಮವು ವಾರವಾರವೂ ಬದಲಾಗದಿರುವುದೇ ಇದರ ಬಲ. ಮುಂದೇನು ಬರುವುದೆಂಬುದು ಗೊತ್ತಿರುವ ಮಗು ಗಾಬರಿಯಾಗುವುದಿಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ಒಂದು ಚೀಲದಲ್ಲಿ ಹಿಡಿಯುವಷ್ಟು: ದೀಪ, ಮರದ ಶಿಲುಬೆ, ಗೋಧಿಯ ತೆನೆ, ಒಂದು ಚೆಂಬು, ಹಸಿರು, ನೇರಳೆ, ಬಿಳಿ, ಕೆಂಪು ಬಣ್ಣದ ನಾಲ್ಕು ವಸ್ತ್ರಗಳು, ಚಿತ್ರಪಟಗಳು. ಆಗಮನ ಕಾಲಕ್ಕೂ ತಪಸ್ಸುಕಾಲಕ್ಕೂ ನೇರಳೆ, ಕ್ರಿಸ್ತಜಯಂತಿಗೂ ಪಾಸ್ಕಕ್ಕೂ ಬಿಳಿ, ಗರಿಗಳ ಭಾನುವಾರಕ್ಕೂ ಪವಿತ್ರಾತ್ಮರ ಹಬ್ಬಕ್ಕೂ ಕೆಂಪು, ಸಾಧಾರಣ ಕಾಲಕ್ಕೆ ಹಸಿರು. ವಸ್ತ್ರವನ್ನು ಬದಲಾಯಿಸುವ ಕೆಲಸವನ್ನು ಮಾತು ಬಾರದ ಮಗುವಿಗೆ ಒಪ್ಪಿಸಿದರೆ, ಧರ್ಮಸಭೆಯ ವರ್ಷಚಕ್ರವನ್ನು ಅದು ಒಂದು ಪದವನ್ನೂ ಆಡದೆ ಕಲಿಯುತ್ತದೆ. ಮರಿಯಾ ಮಾಂಟೆಸ್ಸೊರಿಯವರ ಶಿಕ್ಷಣತತ್ತ್ವವನ್ನು ಆಧರಿಸಿ ಸೋಫಿಯಾ ಕಾವಲೆತ್ತಿ ಎಂಬ ವಿದುಷಿ 1954ರಲ್ಲಿ ರೋಮಿನಲ್ಲಿ ಆರಂಭಿಸಿದ 'ಉತ್ತಮ ಕುರಿಗಾಹಿಯ ಧರ್ಮೋಪದೇಶ' ಎಂಬ ಪದ್ಧತಿ ಈ ಜಾಡಿನದೇ. ಕುರಿಗಾಹಿಗಳನ್ನು ದಿನವೂ ಕಾಣುವ ನಮ್ಮ ಮಕ್ಕಳಿಗೆ ಆ ಕಥೆಯನ್ನು ವಿವರಿಸಿ ಹೇಳುವ ಶ್ರಮವೂ ಇಲ್ಲ. ಚಿತ್ರಪಟಗಳನ್ನು ಪೇಟೆಯಿಂದ ಕೊಂಡು ತರಬೇಕೆಂದೇನೂ ಇಲ್ಲ. ಚಿತ್ರಕಲೆಗೆ ತನ್ನದೇ ಆದ ಶೈಲಿಯನ್ನು ಪಡೆದಿರುವ ಸುರಪುರದಲ್ಲಿ, ಗೋದಲಿಯನ್ನೂ ಕಡೆಯ ಭೋಜನವನ್ನೂ ಈ ನೆಲದ ಬಣ್ಣಗಳಲ್ಲಿ ಬರೆದುಕೊಡಬಲ್ಲ ಕೈಗಳನ್ನು ಹುಡುಕಬಹುದು.

ಮಗುವಿಗೆ ತಕ್ಕ ವಿಧಾನ

*ಕಿವಿ ಕೇಳದ ಮಗು.* ಉಪದೇಶಿಯ ಮುಖದ ಮೇಲೆ ಬೆಳಕು ಬೀಳುವಂತಿರಬೇಕು. ಬೆನ್ನು ತಿರುಗಿಸಿಕೊಂಡು ಮಾತನಾಡಬಾರದು. ಮನೆಯವರು ಮಗುವಿನೊಡನೆ ಬಳಸುವ ಸನ್ನೆಗಳನ್ನು ಮೊದಲು ಕಲಿತು, ದೇವರು, ಪ್ರಾರ್ಥನೆ, ಕ್ಷಮೆ, ವಂದನೆ ಎಂಬಿವಕ್ಕೆ ಸನ್ನೆಗಳನ್ನು ನಿಶ್ಚಯಿಸಿ, ಅವನ್ನು ಇಡೀ ತರಗತಿಗೆ ಕಲಿಸಬೇಕು. 2015ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಭಾರತೀಯ ಸಂಕೇತ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೊ ಶಬ್ದಕೋಶವು ಮೊಬೈಲಿನಲ್ಲಿಯೇ ದೊರೆಯುತ್ತದೆ. ಜಿನೀವದ ಧರ್ಮಾಧ್ಯಕ್ಷರಾಗಿದ್ದ ಸಂತ ಫ್ರಾನ್ಸಿಸ್ ದೆ ಸೇಲ್ಸರು (1567–1622) ಮಾರ್ಟಿನ್ ಎಂಬ ಕಿವುಡನಿಗೆ ಸನ್ನೆಗಳಿಂದಲೇ ಧರ್ಮೋಪದೇಶ ಮಾಡಿ ಪರಮಪ್ರಸಾದ ನೀಡಿದರೆಂಬುದು ಧರ್ಮಸಭೆಯ ಇತಿಹಾಸ. ಕಿವುಡರ ಪಾಲಕಸಂತರೆಂದು ಅವರನ್ನು ಸ್ಮರಿಸುವುದು ಅದಕ್ಕಾಗಿಯೇ.

*ಕಣ್ಣು ಕಾಣದ ಮಗು.* ಪೂಜೆಯಿಲ್ಲದ ಹೊತ್ತಿನಲ್ಲಿ ದೇವಾಲಯವನ್ನು ಕೈಯಿಂದ ತೋರಿಸಬೇಕು: ದೀಕ್ಷಾಸ್ನಾನದ ತೊಟ್ಟಿ, ಬಲಿಪೀಠದ ಅಂಚು, ಶಿಲುಬೆ, ಮೊಂಬತ್ತಿಯ ಮೇಣ, ಗುರುಗಳ ಪೂಜಾವಸ್ತ್ರದ ಕಸೂತಿ. ಬಾಗಿಲಿನಿಂದ ಪೀಠಕ್ಕೆ ಎಷ್ಟು ಹೆಜ್ಜೆಯೆಂಬುದನ್ನು ಎಣಿಸಿಕೊಳ್ಳಲು ಬಿಡಬೇಕು. ಮಾತಿನಲ್ಲಿ 'ಇದು, ಅದು' ಎನ್ನದೆ ವಸ್ತುವಿನ ಹೆಸರನ್ನೇ ಹೇಳಬೇಕು. ಜಪಸರವು ಬೆರಳುಗಳ ಪ್ರಾರ್ಥನೆಯಾದ್ದರಿಂದ ಈ ಮಗು ತನ್ನ ಓರಗೆಯವರಿಗಿಂತ ಮೊದಲೇ ಅದನ್ನು ನಡೆಸಿಕೊಡಬಲ್ಲದು.

*ಕಲಿಕೆ ನಿಧಾನವಾದ ಮಗು.* ಒಂದು ತರಗತಿಗೆ ಒಂದೇ ಸತ್ಯ, ಒಂದೇ ಚಿಕ್ಕ ವಾಕ್ಯ: ದೇವರು ನನ್ನನ್ನು ಬಲ್ಲರು, ಯೇಸು ನನ್ನ ಸ್ನೇಹಿತರು, ನಾವೆಲ್ಲರೂ ಒಂದೇ ಮನೆಯವರು. ಅದನ್ನೇ ಹಾಡಿನಲ್ಲಿ, ಚಿತ್ರದಲ್ಲಿ, ಅಭಿನಯದಲ್ಲಿ ಮೂರು ನಾಲ್ಕು ವಾರ ಆವರ್ತಿಸಬೇಕು. ವಯಸ್ಸಿಗೆ ತಕ್ಕ ಮರ್ಯಾದೆಯನ್ನು ಮರೆಯಬಾರದು. ಹದಿನಾಲ್ಕರ ಹುಡುಗನನ್ನು ನಾಲ್ಕರ ಕೂಸುಗಳ ನಡುವೆ ಕೂಡಿಸುವುದು ಅವನಿಗೆ ಅವಮಾನ.

*ಆಟಿಸಂ ಇರುವ ಮಗು.* ಗಂಟೆ, ಧ್ವನಿವರ್ಧಕ, ತಬಲ, ಜನಸಂದಣಿ ಇವು ಈ ಮಗುವಿಗೆ ನೋವನ್ನೇ ಉಂಟುಮಾಡಬಹುದು. ಧ್ವನಿವರ್ಧಕದಿಂದ ದೂರದಲ್ಲಿ, ಬಾಗಿಲಿನ ಸಮೀಪದಲ್ಲಿ ಒಂದು ಖಾಯಂ ಜಾಗವಿರಲಿ. ಪೂಜೆಯ ಭಾಗಗಳನ್ನು ಕ್ರಮವಾಗಿ ಚಿತ್ರಿಸಿದ ಪಟ್ಟಿಯೊಂದು ಕೈಯಲ್ಲಿದ್ದರೆ, ಮುಗಿದ ಭಾಗವನ್ನು ಮಡಚುತ್ತ ಕೊನೆಯವರೆಗೆ ಕೂಡಬಲ್ಲದು. ನಡುವೆ ಹೊರಗೆದ್ದು ಹೋದರೆ ಅದನ್ನು ಅವಿಧೇಯತೆಯೆಂದು ಎಣಿಸಬಾರದು. ಹತ್ತಿರ ಕೂತವರು ಹೊರಳಿ ನೋಡಬಾರದೆಂಬುದನ್ನು ಸಭೆಗೆ ಗುರುಗಳೇ ಒಮ್ಮೆ ನಯವಾಗಿ ಹೇಳಬೇಕು.

*ಸೆರೆಬ್ರಲ್ ಪಾಲ್ಸಿ ಇರುವ ಮಗು.* ಮಾತು ತಡವಾಗುವುದರಿಂದ ಬುದ್ಧಿಯೂ ಮಂದವೆಂದು ತಿಳಿಯುವುದು ಇಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು. ಪ್ರಶ್ನೆಯನ್ನು ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು, ವಾಕ್ಯವನ್ನು ನಾವೇ ಮುಗಿಸಿಬಿಡಬಾರದು. ಕಾಲಿಗೂ ಬೆನ್ನಿಗೂ ಆಸರೆಯಿರುವ ಕುರ್ಚಿಯೊಂದನ್ನು ಊರ ಬಡಿಗನೇ ಮಾಡಿಕೊಡಬಲ್ಲ.

ಸಂಸ್ಕಾರಗಳ ಸಿದ್ಧತೆ

ನಿತ್ಯದ ರೊಟ್ಟಿಯಿಂದ ಪರಮಪ್ರಸಾದವನ್ನು ಬೇರ್ಪಡಿಸಿ ತಿಳಿಯುವುದೇ ಅರ್ಹತೆಯೆಂದಾದ ಮೇಲೆ, ಆ ತಿಳಿವು ಬಾಯಿಮಾತಿನಿಂದಲೇ ಪ್ರಕಟವಾಗಬೇಕೆಂದಿಲ್ಲ. ಮನೆಯಲ್ಲಿ ಅವ್ವ ಬಡಿದು ಕೊಟ್ಟ ಜೋಳದ ರೊಟ್ಟಿಯನ್ನು ಆಟವಾಡುತ್ತ ತಿನ್ನುವ ಮಗುವು ಪೀಠದ ಮುಂದೆ ಸುಮ್ಮನಾದರೆ, ಕೈ ಜೋಡಿಸಿದರೆ, ಉಳಿದವರು ಸ್ವೀಕರಿಸುವಾಗ ತನಗೂ ಬೇಕೆಂದು ಕೈ ಚಾಚಿದರೆ, ಅದು ತನ್ನ ಉತ್ತರವನ್ನು ಕೊಟ್ಟಂತೆಯೇ. ಇದನ್ನು ಗುರುತಿಸತಕ್ಕವರು ಗುರುಗಳೊಬ್ಬರೇ ಅಲ್ಲ, ಮಗುವನ್ನು ಹಗಲಿರುಳು ನೋಡುವ ತಾಯಿಯ ಸಾಕ್ಷ್ಯಕ್ಕೆ ಇಲ್ಲಿ ಹೆಚ್ಚಿನ ತೂಕ.

ಸಿದ್ಧತೆಗೆ ಎರಡು ಮೂರು ತಿಂಗಳು ಮೊದಲೇ, ಪ್ರತಿಷ್ಠೆಯಾಗದ ಅಪ್ಪದಿಂದ ಅಭ್ಯಾಸ ಮಾಡಿಸಬೇಕು. ರುಚಿಯೂ ಸ್ಪರ್ಶವೂ ಹೊಸತಾದ್ದರಿಂದ ಕೆಲವು ಮಕ್ಕಳು ಉಗುಳಿಬಿಡುವುದುಂಟು. ನುಂಗಲು ಕಷ್ಟವಾದಲ್ಲಿ ಸಣ್ಣದೊಂದು ಚೂರನ್ನು ಕೊಡಬಹುದು. ಅದೂ ಅಸಾಧ್ಯವಾದರೆ ಆವಶ್ಯಕತೆಯ ಸಂದರ್ಭದಲ್ಲಿ ದ್ರಾಕ್ಷಾರಸದ ರೂಪದಲ್ಲಿ ಮಾತ್ರವೇ ಪರಮಪ್ರಸಾದ ನೀಡಲು ಸಂಹಿತೆಯ 925ನೆಯ ಸೂತ್ರದಲ್ಲಿ ಅವಕಾಶವಿದೆ. ಪಾಪನಿವೇದನೆಗೆ ಚಿತ್ರಗಳನ್ನು ತೋರಿಸಬಹುದು, ತಲೆದೂಗಿದರೂ ಸಾಕು. 990ನೆಯ ಸೂತ್ರದ ಪ್ರಕಾರ ದುಭಾಷಿಯ ಸಹಾಯವನ್ನೂ ಪಡೆಯಬಹುದು, ಆ ದುಭಾಷಿಗೂ ರಹಸ್ಯಪಾಲನೆಯ ಕಟ್ಟು ಇದೆ. ಸರಿತಪ್ಪುಗಳ ವಿವೇಕವೇ ಮೂಡದ ಮಗುವಿನ ಮೇಲೆ ಪಾಪನಿವೇದನೆಯ ಭಾರವನ್ನು ಹೊರಿಸಬೇಕಾದ್ದಿಲ್ಲ.

ಪ್ರಥಮ ಪರಮಪ್ರಸಾದವನ್ನು ಈ ಮಗುವಿಗೆಂದು ಬೇರೆ ದಿನ, ಬೇರೆ ಮನೆಯೊಳಗೆ ಗುಟ್ಟಾಗಿ ನೀಡುವ ರೂಢಿಯನ್ನು ಬಿಡಬೇಕು. ಮನೆಯವರೇ ಹಾಗೆ ಬಯಸಿದಾಗ ಮಾತು ಬೇರೆ. 1973ರಲ್ಲಿ ಹೊರಬಂದ ಮಕ್ಕಳ ಬಲಿಪೂಜೆಯ ಮಾರ್ಗದರ್ಶಿಯು ವಾಚನಗಳನ್ನು ಕಡಮೆ ಮಾಡಲೂ, ಶುಭಸಂದೇಶದ ತರುವಾಯ ಮಕ್ಕಳ ಮನಸ್ಸನ್ನು ಬಲ್ಲ ಹಿರಿಯರೊಬ್ಬರು ಗುರುಗಳ ಸಮ್ಮತಿಯಿಂದ ಮಾತನಾಡಲೂ ಅವಕಾಶ ಕೊಟ್ಟಿದೆ. ಆ ಸ್ವಾತಂತ್ರ್ಯವನ್ನು ಉಪಯೋಗಿಸಿಕೊಂಡರೆ ಎಲ್ಲ ಮಕ್ಕಳೂ ಒಟ್ಟಿಗೆ ಪೀಠಕ್ಕೆ ಬರುವುದು ಸುಲಭ.

ಮನೆಯವರ ಪಾಲು

ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆ ಎಲ್ಲರಿಗಿಂತ ಮೊದಲು ತಾಯಿತಂದೆಯರದೆಂಬುದು ನಿಜ. ಆದರೆ ದಿನವಿಡೀ ಹೊಲದಲ್ಲಿ ದುಡಿದು ಬಂದವರಿಗೆ ನಾವು ಹೊರಿಸುವ ಭಾರ ಹೊರಬಲ್ಲಷ್ಟೇ ಇರಬೇಕು. ಸಂಜೆ ದೀಪ ಹಚ್ಚುವಾಗ ಮಗುವಿನ ಕೈ ಹಿಡಿದು ಶಿಲುಬೆಯ ಗುರುತು ಹಾಕಿಸುವುದು, ಭಾನುವಾರ ಕೊಟ್ಟ ಚಿತ್ರವನ್ನು ಗೋಡೆಗೆ ಹಚ್ಚಿ ಮಲಗುವ ಮುನ್ನ ಒಮ್ಮೆ ತೋರಿಸುವುದು, ಊಟಕ್ಕೆ ಮುಂಚೆ ಒಂದು ಕ್ಷಣ ಕೈ ಜೋಡಿಸುವುದು, ಇಷ್ಟು ಸಾಕು. ಓದು ಬಾರದ ಅಜ್ಜಿ ಇದನ್ನೆಲ್ಲ ಯಾರಿಗಿಂತಲೂ ಚೆನ್ನಾಗಿ ಮಾಡಬಲ್ಲಳು. ತಂದೆಯೋ ತಾಯಿಯೋ ಮೆಥೊಡಿಸ್ಟ್ ಸಭೆಯವರಾಗಿರುವ ಮನೆಗಳಲ್ಲಿ ಅವರನ್ನೂ ತರಗತಿಯ ಕೂಟ, ಹಾಡು, ಗೋದಲಿಯ ಸಿದ್ಧತೆಗಳಿಗೆ ಕರೆಯಬೇಕು. ಪರಮಪ್ರಸಾದ ಸ್ವೀಕಾರದ ನಿಯಮ ಬೇರೆಯಾದರೂ ಮಗುವಿನ ಕೈ ಹಿಡಿದು ಪೀಠದವರೆಗೆ ಬರುವುದಕ್ಕೆ ಅಡ್ಡಿಯೇನಿಲ್ಲ. ಊನವುಳ್ಳ ಮಕ್ಕಳ ತಾಯಂದಿರು ತಿಂಗಳಿಗೊಮ್ಮೆ ಅರ್ಧ ಗಂಟೆ ತಮ್ಮತಮ್ಮಲ್ಲೇ ಕೂಡಿ ಮಾತನಾಡಲು, ಆ ಹೊತ್ತಿನಲ್ಲಿ ಮಕ್ಕಳನ್ನು ಬೇರೆಯವರು ನೋಡಿಕೊಳ್ಳಲು ಏರ್ಪಾಡಾದರೆ ಅದರ ಪ್ರಯೋಜನ ಮಹತ್ತರವಾದದ್ದು.

ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ಕಾಲ ಬಂದಿತೆಂದರೆ ತರಗತಿ ಬರಿದಾಗುವುದೂ, ಅದು ಮುಗಿದೊಡನೆ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿ, ಗೋವೆಗಳಿಗೆ ಗುಳೆ ಹೋಗುವುದೂ ಈ ಸೀಮೆಯ ನಿಯತಿ. ಹೊರಡುವ ಕುಟುಂಬಕ್ಕೆ ಗುರುಗಳು ಒಂದು ಪರಿಚಯ ಪತ್ರವನ್ನೂ, ಮಗು ಕಲಿತ ಪಾಠಗಳನ್ನೂ ಅದಕ್ಕೆ ಬೇಕಾದ ಆಸರೆಯನ್ನೂ ಬರೆದ ಒಂದು ಹಾಳೆಯನ್ನೂ, ಚಿತ್ರಪಟಗಳ ಒಂದು ಕಟ್ಟನ್ನೂ ಕೊಟ್ಟು ಕಳುಹಿಸಬೇಕು. ಹೋದ ಊರಿನ ಸಮೀಪದ ಚರ್ಚಿನ ವಿಳಾಸವನ್ನು ವಿಚಾರಿಸಿ ತಿಳಿಸಿದರೆ ಮಗುವಿನ ಹೆಸರು ಅಲ್ಲಿಯೂ ಹಾಜರಿಗೆ ಸೇರುತ್ತದೆ. ಮರಳಿ ಬಂದ ಮೇಲೆ ಅದನ್ನು ಕೆಳಗಿನ ತರಗತಿಗೆ ಇಳಿಸದೆ, ಓರಗೆಯವರೊಡನೆಯೇ ಕೂಡಿಸಿ, ತಪ್ಪಿಹೋದ ಕಥೆಗಳನ್ನು ಜೊತೆಗಾರರಿಂದ ಹೇಳಿಸಬೇಕು.

ಉಪದೇಶಿಯ ತರಬೇತಿ, ಮಕ್ಕಳ ರಕ್ಷಣೆ

ಫಾದರ್ ಅಮಲೋರ್ಪವದಾಸರು 1967ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನ ವಿಧಿ ಕೇಂದ್ರವು ಭಾರತೀಯ ಸಂಸ್ಕೃತಿಗೆ ಒಗ್ಗುವ ಧರ್ಮೋಪದೇಶದ ಚಿಂತನೆಗೆ ನೆಲೆಯಾದದ್ದು. ಎಲ್ಲ ಉಪದೇಶಿಗಳೂ ಅಷ್ಟು ದೂರ ಹೋಗಲಾರರು. ವರ್ಷಕ್ಕೆ ಒಬ್ಬರನ್ನಾದರೂ ಇಂಥ ತರಬೇತಿಗೆ ಕಳುಹಿಸಿ, ಅವರು ಕಲಿತು ಬಂದದ್ದನ್ನು ಮೂರೂ ಊರುಗಳವರು ಕೂಡಿ ಹಂಚಿಕೊಳ್ಳುವುದು ಸಾಧ್ಯ.

ಮಾತಿನಲ್ಲಿ ದೂರು ಹೇಳಲಾರದ ಮಕ್ಕಳ ವಿಷಯದಲ್ಲಿ ರಕ್ಷಣೆಯ ನಿಯಮಗಳು ಇನ್ನೂ ಬಿಗಿಯಾಗಿರಬೇಕು. ತರಗತಿಯಲ್ಲಿ ಯಾವಾಗಲೂ ಇಬ್ಬರು ಹಿರಿಯರಿರತಕ್ಕದ್ದು. ಒಬ್ಬಂಟಿ ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಯಾರೂ ಕೂಡತಕ್ಕದ್ದಲ್ಲ. ಶೌಚಕ್ಕೆ ಕರೆದೊಯ್ಯುವುದು ಮನೆಯವರು ನಿಶ್ಚಯಿಸಿದವರ ಕೆಲಸ. ಮಗುವಿನ ಫೋಟೊವನ್ನು ಮನೆಯವರ ಒಪ್ಪಿಗೆಯಿಲ್ಲದೆ ತೆಗೆಯಲಾಗಲಿ ಹಂಚಲಾಗಲಿ ಕೂಡದು. ದೌರ್ಜನ್ಯದ ಸುಳಿವು ಸಿಕ್ಕಿದಲ್ಲಿ, 2012ರ ಪೋಕ್ಸೊ ಕಾಯಿದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಧರ್ಮಕೇಂದ್ರದೊಳಗೇ ಮಾತನಾಡಿ ಮುಗಿಸುವ ವಿಷಯವಲ್ಲ ಅದು. ಮಕ್ಕಳ ಸಹಾಯವಾಣಿ 1098ನ್ನು ಪಡಸಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಬೇಕು.

ವರ್ಷದ ಕ್ರಮ

ಜೂನಿನಲ್ಲಿ ಶಾಲೆ ತೆರೆಯುವಾಗ ಮನೆಭೇಟಿ ಮತ್ತು ಹೆಸರುಗಳ ಪಟ್ಟಿ. ಜುಲೈಯಿಂದ ಅಕ್ಟೋಬರ್‌ವರೆಗೆ ವಾರಕ್ಕೊಂದರಂತೆ ನಿಯತವಾದ ತರಗತಿಗಳು. ಹೆಚ್ಚಿನ ಪಾಠ ನಡೆಯಬೇಕಾದದ್ದು ಈ ಅವಧಿಯಲ್ಲಿಯೇ. ನವೆಂಬರಿನಿಂದ ಜನವರಿಯವರೆಗೆ ಸುಗ್ಗಿಯ ಕೆಲಸವಿರುವುದರಿಂದ ತರಗತಿಗಳನ್ನು ಮೊಟಕುಗೊಳಿಸಿ, ಗೋದಲಿಯನ್ನು ಕಟ್ಟುವುದು, ಕ್ರಿಸ್ತಜಯಂತಿಯ ಅಭಿನಯ ಇವುಗಳಲ್ಲಿ ಎಲ್ಲರಿಗೂ ಒಂದೊಂದು ಪಾತ್ರ. ಮಾತಿಲ್ಲದ ಪಾತ್ರಗಳೂ ಆ ಕಥೆಯಲ್ಲಿ ಬೇಕಾದಷ್ಟಿವೆ. ತಪಸ್ಸುಕಾಲದಲ್ಲಿ ಬೂದಿ, ಗರಿ, ಪಾದ ತೊಳೆಯುವ ವಿಧಿ, ಪಾಸ್ಕದ ಮೊಂಬತ್ತಿ ಇವೇ ಪಾಠಗಳು. ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುವುದರಿಂದ, ಬೇಸಗೆಯ ಶಿಬಿರವನ್ನು ಬೆಳಿಗ್ಗೆ ಏಳರಿಂದ ಒಂಬತ್ತೂವರೆಯೊಳಗೆ ಮುಗಿಸತಕ್ಕದ್ದು; ಬಿಸಿಲಿನ ಝಳವನ್ನು ತಾಳಲಾರದ ಮಕ್ಕಳು ನಮ್ಮ ನಡುವೆಯೇ ಇದ್ದಾರೆ.

ವರ್ಷಾಂತ್ಯದ ಪರೀಕ್ಷೆಯನ್ನು ಪೂರ್ತಿಯಾಗಿ ಕೈಬಿಡಬೇಕೆಂದು ಹೇಳುತ್ತಿಲ್ಲ. ಒಪ್ಪಿಸಬಲ್ಲ ಮಗು ಒಪ್ಪಿಸಲಿ, ಅದೂ ಒಂದು ಸಂತೋಷವೇ. ಆದರೆ ಪರೀಕ್ಷೆಗೆ ಒಳಗಾಗಬೇಕಾದದ್ದು ಮಗುವಿಗಿಂತ ಹೆಚ್ಚಾಗಿ ಧರ್ಮಕೇಂದ್ರ. ದೀಕ್ಷಾಸ್ನಾನದ ಪುಸ್ತಕದಲ್ಲಿರುವ ಹೆಸರುಗಳಲ್ಲಿ ಎಷ್ಟು ಹೆಸರು ಹಾಜರಿಯಲ್ಲಿವೆ, ಗುಳೆ ಹೋಗಿ ಬಂದವರಲ್ಲಿ ಎಷ್ಟು ಮಂದಿ ಮರಳಿ ತರಗತಿಗೆ ಬಂದರು, ಊನವುಳ್ಳ ಮಕ್ಕಳಲ್ಲಿ ಯಾರಿಗೆ ಪೂಜೆಯಲ್ಲಿ ಒಂದು ಕೆಲಸ ದೊರೆಯಿತು, ಅವರ ತಾಯಂದಿರಲ್ಲಿ ಯಾರು ಈಗಲೂ ಕೊನೆಯ ಬೆಂಚಿನಲ್ಲಿ ಮುದುಡಿ ಕೂಡುತ್ತಾರೆ, ಎಂಬ ಪ್ರಶ್ನೆಗಳಿಗೆ ಧರ್ಮಕೇಂದ್ರದ ಪಾಲನಾ ಸಮಿತಿಯು ಪ್ರತಿವರ್ಷ ಮೇ ತಿಂಗಳಲ್ಲಿ ಲಿಖಿತ ಉತ್ತರ ಕೊಡುವಂತಾಗಬೇಕು. ಕಟ್ಟಡ ಬರಲಿ, ನಿಧಿ ಬರಲಿ, ತಜ್ಞರು ಬರಲಿ ಎಂದು ಕಾಯುವುದಕ್ಕೆ ಇದರಲ್ಲಿ ಏನೂ ಇಲ್ಲ; ದಾಖಲೆಪುಸ್ತಕ ಈಗಾಗಲೇ ಕಪಾಟಿನಲ್ಲಿದೆ, ಮನೆಗಳು ನಡೆದು ಹೋಗುವಷ್ಟು ದೂರದಲ್ಲಿವೆ, ಕೆಲಸವನ್ನು ಬರುವ ಭಾನುವಾರದ ಪೂಜೆಯ ತರುವಾಯವೇ ಆರಂಭಿಸಬಹುದು.